ಔಷಧಿ ಹೊಡೆಯುವ ಕೈಗೆ ಹೊಸ ಕಾರು

ಕೊಪ್ಪದ ಸಹಕಾರ ಸಾರಿಗೆ ಬಸ್ಸುಗಳು ನಿಂತದ್ದು 2020ರ ಫೆಬ್ರವರಿಯಲ್ಲಿ. 1991ರಲ್ಲಿ ಬಸ್ ಕಾರ್ಮಿಕರೇ ಒಟ್ಟಾಗಿ ಕಟ್ಟಿ, ಮೂರು ದಶಕದ ಹತ್ತಿರ ಹತ್ತಿರ ನಡೆಸಿಕೊಂಡು ಬಂದ ಸಂಸ್ಥೆ ಅದು. ನಷ್ಟ ಮೇಲಿಂದ ಮೇಲೆ ಬಿದ್ದು ಕೊನೆಗೆ ಚಕ್ರ ನಿಂತಿತು. ಹಿರೇಕೊಡಿಗೆಯಂಥ ಊರಿನವರಿಗೆ ಕೊಪ್ಪದ ಪೇಟೆಗೆ ಹೋಗಲು, ಅಲ್ಲಿಂದ ಶೃಂಗೇರಿಗೋ ಬಾಳೆಹೊನ್ನೂರಿಗೋ ತೀರ್ಥಹಳ್ಳಿಗೋ ಮುಟ್ಟಲು ಇದ್ದ ದಾರಿಗಳಲ್ಲಿ ದೊಡ್ಡದೊಂದು ಹಾಗೆ ಮುಚ್ಚಿಹೋಯಿತು. ಅದಾಗಿ ಕೆಲವೇ ವಾರಕ್ಕೆ, ಮಾರ್ಚ್ 9ರಂದು, ರಾಜ್ಯದ ಮೊದಲ ಕೊರೊನಾ ಪ್ರಕರಣ ಬೆಂಗಳೂರಿನಲ್ಲಿ ದೃಢಪಟ್ಟಿತು. ಮಾರ್ಚ್ 24ರ ನಡುರಾತ್ರಿಯಿಂದ ದೇಶಕ್ಕೇ ಬೀಗ ಬಿತ್ತು.

ಚಿಕ್ಕಮಗಳೂರು ಜಿಲ್ಲೆ ಆ ವರ್ಷ ಮೇ ತಿಂಗಳ ಮೂರನೇ ವಾರದವರೆಗೂ ಹಸಿರು ವಲಯದಲ್ಲಿತ್ತು. ಆದರೆ ಭಯಕ್ಕೆ ವಲಯದ ಗಡಿ ಇರಲಿಲ್ಲ. ಬಸ್ಸು ಹತ್ತಲು ಹೆದರಿಕೆ, ಹತ್ತೋಣ ಎಂದರೆ ಬಸ್ಸೇ ಇಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕಾದವರಿದ್ದರೆ ‘ನಮ್ಮದೇ ಒಂದು ಗಾಡಿ ಬೇಕು’ ಎಂಬ ಮಾತು ಆಸೆಯಿಂದ ಅಗತ್ಯದ ಕಡೆಗೆ ಸರಿಯಿತು. ಆ ಏಪ್ರಿಲ್‌ನಲ್ಲಿ ಮಾರುತಿ ಸುಜುಕಿಯಂಥ ಕಂಪನಿಯೇ ದೇಶದೊಳಗೆ ಒಂದೂ ಕಾರು ಮಾರಲಾಗಲಿಲ್ಲ ಎಂದು ಹೇಳಿತು. ಷೋರೂಮುಗಳ ಬಾಗಿಲು ತೆರೆದ ಮೇಲೆ, ಅದರಲ್ಲೂ 2021ರಲ್ಲಿ ಅಡಿಕೆ ಕ್ವಿಂಟಲಿಗೆ ಐವತ್ತು ಸಾವಿರ ದಾಟಿದಾಗ, ಮಲೆನಾಡಿನ ಅಂಗಳಗಳಿಗೆ ಹೊಸ ಕಾರುಗಳು ಬಂದವು. ಶಿವಮೊಗ್ಗದಿಂದ ಕೆಲವು, ಘಟ್ಟದ ಕೆಳಗಿನ ಉಡುಪಿ, ಮಂಗಳೂರಿನಿಂದ ಕೆಲವು.

ಹೊಸ ಕಾರು ಅಂಗಳಕ್ಕೆ ಬಂದ ಕೂಡಲೇ ಎಂದಿನ ಪ್ರಶ್ನೆಗಳ ಜೊತೆ ಆಗ ಇನ್ನೊಂದು ಪ್ರಶ್ನೆ ಸೇರಿಕೊಂಡಿತ್ತು: ‘ಒಳಗೆಲ್ಲ ಔಷಧಿ ಹೊಡೆಸಿದ್ರಾ?’

ಈ ಪ್ರಶ್ನೆ ಎಲ್ಲಿಂದ ಬಂತು ಎಂಬುದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಲೆನಾಡಿನ ಅಡಿಕೆ ಬೆಳೆಗಾರನ ಮಟ್ಟಿಗೆ ರೋಗ ಎಂದರೆ ಮೊದಲು ಕೊಳೆರೋಗ. ಅದಕ್ಕೆ ಮದ್ದು ಎಂದರೆ ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೇ ಈ ರೋಗದ ಬೆನ್ನು ಹತ್ತಿ, ಗೊನೆಗಳಿಗೆ ಬೋರ್ಡೋ ಸಿಂಪಡಿಸುವ ಕ್ರಮವನ್ನು ಬೆಳೆಗಾರರಿಗೆ ಕಲಿಸಿದವರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಈ ಲೆಕ್ಕ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟದ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಮಳೆ ಹಿಡಿಯುವ ಮೊದಲು ಒಂದು ಸಲ, ನಡುವೆ ಹೊಳವಾದಾಗ ಇನ್ನೊಂದು ಸಲ ಗೊನೆಗೆ ಔಷಧಿ ಬಿದ್ದರೆ ಬೆಳೆ ಉಳಿಯಿತು.

ಅಲ್ಲಿ ಅದು ಫಲ ಕೊಡುವುದಕ್ಕೆ ಕಾರಣವಿದೆ. ಕೊಳೆರೋಗದ ಬೀಜಾಣು ಮಳೆಹನಿಯ ಜೊತೆ ಹಾರಿ ಬಂದು ಕಾಯಿಯ ಮೇಲೆ ಕೂರುತ್ತದೆ, ಕೂತಲ್ಲೇ ಮೊಳೆತು ಒಳಗಿಳಿಯುತ್ತದೆ. ಕಾಯಿಯ ಮೈಮೇಲೆ ಮೊದಲೇ ತಾಮ್ರದ ತೆಳು ಲೇಪವಿದ್ದರೆ ಅದು ಮೊಳೆಯುವುದೇ ಇಲ್ಲ. ಶತ್ರು ಬರುವ ದಾರಿಯೂ ನಾವು ಮದ್ದು ಹಚ್ಚುವ ಜಾಗವೂ ಒಂದೇ. ಕಾರಿನೊಳಗೆ ಹಾಗಿಲ್ಲ. ಕೊರೊನಾದಂಥ ಉಸಿರಾಟದ ವೈರಸ್ ಡ್ಯಾಶ್‌ಬೋರ್ಡಿನ ಮೇಲೆ ಬೆಳೆಯುವುದಿಲ್ಲ, ಸೀಟಿನ ಬಟ್ಟೆಯಲ್ಲಿ ಮರಿ ಮಾಡುವುದಿಲ್ಲ. ಜೀವಕೋಶದ ಹೊರಗೆ ಅದಕ್ಕೆ ಬೆಳವಣಿಗೆಯೇ ಇಲ್ಲ, ಕ್ಷಯ ಮಾತ್ರ. ಅದು ನಮ್ಮನ್ನು ಮುಟ್ಟುವುದು ಹೆಚ್ಚಾಗಿ ಪಕ್ಕದಲ್ಲಿ ಕೂತವರು ಬಿಟ್ಟ ಉಸಿರಿನ ಮೂಲಕ. ಸೀಟಿಗೆ ಎಷ್ಟೇ ಔಷಧಿ ಹೊಡೆದರೂ ಉಸಿರಿಗೆ ಹೊಡೆದ ಹಾಗಾಗುವುದಿಲ್ಲ.

ಆದರೂ ದೇಶಕ್ಕೆ ದೇಶವೇ ಆ ಬೇಸಿಗೆಯಲ್ಲಿ ಔಷಧಿ ಹೊಡೆಯಿತು. ತೋಟದ ಗಟಾರ್ ಪಂಪುಗಳು ಊರ ಬೀದಿಗೆ ಬಂದವು. ಬಸ್ ನಿಲ್ದಾಣ, ಅಂಗಡಿ ಕಟ್ಟೆ, ನಿಂತ ಲಾರಿ ಎಲ್ಲದಕ್ಕೂ ಹೈಪೋಕ್ಲೋರೈಟ್. ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳುತ್ತಿದ್ದ ಕೂಲಿಕಾರರನ್ನು ರಸ್ತೆಯಲ್ಲಿ ಕೂರಿಸಿ ಮೈಮೇಲೇ ಸಿಂಪಡಿಸಿದ್ದನ್ನು ಟಿ.ವಿ.ಯಲ್ಲಿ ಕಂಡೆವು. ಮನುಷ್ಯರ ಮೇಲೆ ಸೋಂಕುನಾಶಕ ಸಿಂಪಡಿಸಬೇಡಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್ 18ರಂದು ಹೇಳಬೇಕಾಯಿತು. ಒಳಾಂಗಣದಲ್ಲಿ ರಾಸಾಯನಿಕ ಸಿಂಪಡಿಸುವುದು, ಹೊಗೆ ಹಾಯಿಸುವುದು ವಾಡಿಕೆಯ ಕ್ರಮವಾಗಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಮೇ 15ರಂದು ಸ್ಪಷ್ಟಪಡಿಸಿತು. ಸೋಂಕುನಿವಾರಕ ಸುರಂಗಗಳ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ನವೆಂಬರ್ 5ರಂದು ನ್ಯಾಯಾಲಯ ಅದರ ತಡೆಗೆ ಒಂದು ತಿಂಗಳೊಳಗೆ ನಿರ್ದೇಶನ ಹೊರಡಿಸುವಂತೆ ಸರ್ಕಾರಕ್ಕೆ ಸೂಚಿಸಿತು. ಇಷ್ಟೆಲ್ಲ ಆದ ಮೇಲೂ ಹೊಸ ಕಾರಿನ ಬಿಲ್ಲಿನ ಜೊತೆ ‘ಸ್ಯಾನಿಟೈಸೇಷನ್’ ಎಂಬ ಒಂದು ಸಾಲು ಬಹಳ ಕಡೆ ಉಳಿದುಕೊಂಡಿತ್ತು. ಕಾರಿನೊಳಗೆ ಹೊಗೆ ತುಂಬಿಸಿ ಹತ್ತು ನಿಮಿಷ ಬಾಗಿಲು ಮುಚ್ಚಿಡುವ ಆ ಸೇವೆಗೆ ಕೊಟ್ಟ ದುಡ್ಡು, ನನ್ನ ಪ್ರಕಾರ, ವಾಸನೆಗೆ ಕೊಟ್ಟ ದುಡ್ಡು.

ಹಾಗಾದರೆ ಮೇಲ್ಮೈ ಮೇಲಿನ ವೈರಸ್ ಸುಳ್ಳೇ? ಸುಳ್ಳಲ್ಲ. ಭಯ ಹುಟ್ಟಿದ್ದಕ್ಕೂ ಒಂದು ಪ್ರಯೋಗವಿತ್ತು. ಅಮೆರಿಕದ ವಿಜ್ಞಾನಿಗಳು 2020ರ ಮಾರ್ಚ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದ ವರದಿಯಲ್ಲಿ ಪ್ಲಾಸ್ಟಿಕ್ ಮತ್ತು ಉಕ್ಕಿನ ಮೇಲೆ ಕೊರೊನಾ ವೈರಸ್ 72 ಗಂಟೆಯ ತನಕ, ರಟ್ಟಿನ ಮೇಲೆ 24 ಗಂಟೆ, ತಾಮ್ರದ ಮೇಲೆ ನಾಲ್ಕು ಗಂಟೆ ಸಿಕ್ಕಿತ್ತು. ಕಾರಿನ ಒಳಗೆಲ್ಲ ಪ್ಲಾಸ್ಟಿಕ್ಕೇ ಆದ್ದರಿಂದ ಮೂರು ದಿನ ಎಂಬ ಮಾತು ಜನರ ತಲೆಯಲ್ಲಿ ಕೂತಿತು. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು: ಪ್ಲಾಸ್ಟಿಕ್ಕಿನ ಮೇಲೆ ವೈರಸ್ಸಿನ ಪ್ರಮಾಣ ಸುಮಾರು ಏಳು ಗಂಟೆಗೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಮೂರು ದಿನದ ಕೊನೆಗೆ ಉಳಿಯುವುದು ಮೊದಲಿದ್ದದ್ದರ ಸಾವಿರದಲ್ಲೊಂದು ಪಾಲಿನಷ್ಟು. ಪ್ರಯೋಗಕ್ಕೆ ಇಟ್ಟಿದ್ದಾದರೂ ಒಬ್ಬ ರೋಗಿ ಮುಟ್ಟಿ ಬಿಡುವುದಕ್ಕಿಂತ ಬಹಳ ಹೆಚ್ಚು ವೈರಸ್ ಎಂದು ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಇಮ್ಯಾನುಯೆಲ್ ಗೋಲ್ಡ್‌ಮನ್ ಅದೇ ವರ್ಷ ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿ ತಕರಾರು ತೆಗೆದರು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸೋಂಕು ತಗಲಿದ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ರೋಗ ಬರುವ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂಬ ಅಂದಾಜಿಗೆ ಬಂದಿತು.

ಇದರ ಅರ್ಥ ಹೊಸ ಕಾರಿಗೆ ಬಲು ಸರಳ. ಕಾರ್ಖಾನೆಯಿಂದ ಬಂದು ದಾಸ್ತಾನು ಅಂಗಳದಲ್ಲಿ ನಿಂತಿದ್ದಾಗ ಅದನ್ನು ಮುಟ್ಟಿದವರ ಬಗ್ಗೆ ಚಿಂತೆ ಬೇಡ; ಆ ದಿನಗಳೇ ಅದನ್ನು ಶುದ್ಧ ಮಾಡಿರುತ್ತವೆ. ಉಳಿಯುವುದು ಹಸ್ತಾಂತರದ ದಿನದ ಕೈಗಳು: ತೊಳೆದವರು, ಪರೀಕ್ಷೆ ಮಾಡಿದವರು, ಕೀ ಕೊಟ್ಟವರು, ಪೂಜೆಗೆ ನಿಂತವರು. ಅಷ್ಟಕ್ಕೂ ಮನಸ್ಸು ಒಪ್ಪದಿದ್ದರೆ ಕಾರನ್ನು ಮೂರು ದಿನ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿಬಿಡಿ. ಅದಕ್ಕೆ ಒಂದು ಪೈಸೆಯ ಔಷಧಿಯೂ ಬೇಕಿಲ್ಲ.

ಅಷ್ಟು ದಿನ ಕಾಯಲಾಗದವರು ಒರೆಸಬೇಕು, ಸಿಂಪಡಿಸಬಾರದು. ಒರೆಸುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಹೊಸ ಕಾರುಗಳು ಕೆಟ್ಟದ್ದು ಹೆಚ್ಚಾಗಿ ಇಲ್ಲೇ. ನಾಲ್ಕೂ ಬಾಗಿಲು ತೆಗೆದಿಟ್ಟು, ಎಂಜಿನ್ ಮತ್ತು ವಿದ್ಯುತ್ ಬಂದ್ ಮಾಡಿ. ಮೈಕ್ರೋಫೈಬರ್ ಬಟ್ಟೆ ಇದ್ದರೆ ಸರಿ, ಇಲ್ಲದಿದ್ದರೆ ಹಳೆಯ ಮೆತ್ತನೆಯ ಪಂಚೆಯ ತುಂಡು ಸಾಕು. ಉಗುರು ಬೆಚ್ಚಗಿನ ನೀರಿಗೆ ನಾಲ್ಕಾರು ಹನಿ ಪಾತ್ರೆ ತೊಳೆಯುವ ದ್ರವ. ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ. ಒತ್ತಿದರೆ ನೀರು ತೊಟ್ಟಿಕ್ಕಬಾರದು. ಸ್ಟಿಯರಿಂಗಿನ ಚಕ್ರವನ್ನು ಮೇಲಿನಿಂದ ಶುರುಮಾಡಿ ಒಂದೇ ದಿಕ್ಕಿಗೆ ಸುತ್ತ ಒರೆಸಿ. ಅದರ ಹಿಂಬದಿಯನ್ನು, ಬೆರಳು ಸದಾ ತಾಗುವ ಆ ತಗ್ಗನ್ನು, ಎಲ್ಲರೂ ಬಿಟ್ಟುಬಿಡುತ್ತಾರೆ. ಚರ್ಮದ ಹೊದಿಕೆ ಇದ್ದರೆ ಹೊಲಿಗೆಯ ಸಾಲಿನಲ್ಲಿ ಪೂಜೆಯ ಕುಂಕುಮ, ಗಂಧ ಸೇರಿಕೊಂಡಿರುತ್ತದೆ. ಅದನ್ನು ಮೆತ್ತನೆಯ ಹಳೆ ಬ್ರಷ್ಷಿನಿಂದ ತೆಗೆಯಬೇಕು, ಇಲ್ಲದಿದ್ದರೆ ಬೆವರು ತಾಗಿದಾಗಲೆಲ್ಲ ಕೆಂಪು ಬಿಡುತ್ತದೆ. ಆಮೇಲೆ ಗೇರ್ ಹಿಡಿ, ಹ್ಯಾಂಡ್‌ಬ್ರೇಕ್, ಇಂಡಿಕೇಟರ್ ಮತ್ತು ವೈಪರ್ ಕಡ್ಡಿಗಳು, ಕಿಟಕಿಯ ಗುಂಡಿ, ಒಳಗಿನ ಮತ್ತು ಹೊರಗಿನ ಬಾಗಿಲ ಹಿಡಿ, ಸೀಟು ಹಿಂದೆ ಮುಂದೆ ಮಾಡುವ ಸನ್ನೆ, ಹಿಂಬದಿ ನೋಡುವ ಕನ್ನಡಿಯ ಅಂಚು, ಡಿಕ್ಕಿಯ ಬಾಗಿಲು, ಕೊನೆಗೆ ಕೀ. ಕೈ ಮುಟ್ಟುವ ಜಾಗ ಇಷ್ಟೇ. ಕಾಲಿಡುವ ಜಾಗಕ್ಕೂ ಛಾವಣಿಗೂ ಇದರಲ್ಲಿ ಕೆಲಸವಿಲ್ಲ.

ಸೋಪು ಸಾಕೇ ಎಂದು ಕೇಳುವವರಿಗೆ: ಕೊರೊನಾ ವೈರಸ್ಸಿಗೆ ಕೊಬ್ಬಿನ ಹೊರಕವಚವಿದೆ, ಇನ್‌ಫ್ಲುಯೆಂಜಾಕ್ಕೂ ಇದೆ. ಸೋಪು ಆ ಕವಚವನ್ನೇ ಒಡೆಯುತ್ತದೆ. ಮನೆಯಲ್ಲಿ ಸೋಂಕಿತರಿದ್ದು, ಅವರು ಅದೇ ಕಾರಿನಲ್ಲಿ ಓಡಾಡಿದ್ದರೆ ಸೋಪಿನ ನಂತರ 70 ಪರ್ಸೆಂಟ್ ಆಲ್ಕೋಹಾಲಿನಿಂದ ಗಟ್ಟಿ ಪ್ಲಾಸ್ಟಿಕ್ಕಿನ ಭಾಗಗಳನ್ನು ಒರೆಸಬಹುದು. ಬಟ್ಟೆಯ ಮೇಲೆ ಹಾಕಿ ಒರೆಸಿ, ಕಾರಿನ ಮೇಲೆ ಚಿಮುಕಿಸಬೇಡಿ. ಒರೆಸಿದ ಜಾಗ ಅರ್ಧ ನಿಮಿಷ, ಒಂದು ನಿಮಿಷ ಒದ್ದೆಯಾಗಿರಬೇಕು, ತಾನಾಗಿ ಆರಬೇಕು. ಚಿಮುಕಿಸಿ ತಕ್ಷಣ ಒಣಬಟ್ಟೆಯಲ್ಲಿ ಒರೆಸಿಬಿಟ್ಟರೆ ಮದ್ದಿಗೆ ಕೆಲಸ ಮಾಡಲು ಸಮಯವೇ ಸಿಗಲಿಲ್ಲ. ಧೂಳು, ಎಣ್ಣೆ ಪಸೆ ಇರುವ ಜಾಗಕ್ಕೆ ನೇರವಾಗಿ ಆಲ್ಕೋಹಾಲ್ ಹಚ್ಚಿದರೂ ಅಷ್ಟೇ. ಕೊಳೆ ಮೊದಲು ಹೋಗಬೇಕು.

ಹಾಳಾಗುವ ವಸ್ತುಗಳ ವಿಚಾರ. ಚರ್ಮದ ಸೀಟಿಗೂ ಕೃತಕ ಚರ್ಮಕ್ಕೂ ಆಲ್ಕೋಹಾಲ್ ಪದೇ ಪದೇ ಬಿದ್ದರೆ ಮೇಲಿನ ಲೇಪ ಹೋಗಿ ಬಿರುಕು ಬಿಡುತ್ತದೆ. ಟಚ್‌ಸ್ಕ್ರೀನಿನ ಮೇಲೆ ಪ್ರತಿಫಲನ ತಡೆಯುವ ತೆಳುಪದರವಿದೆ. ಅಮೋನಿಯಾ ಇರುವ ಗಾಜು ಶುಚಿಕಾರಕ ಅದನ್ನು ಮಾಸಿಸುತ್ತದೆ. ಇವೆರಡೂ ಅಂದಕ್ಕೆ ಸಂಬಂಧಿಸಿದ ನಷ್ಟ. ಸೀಟ್‌ಬೆಲ್ಟಿನದು ಜೀವದ ಮಾತು. ಅದರ ಪಟ್ಟಿ ನೇಯ್ದ ಪಾಲಿಯೆಸ್ಟರ್. ಬ್ಲೀಚು, ಬಣ್ಣ, ಕಟು ರಾಸಾಯನಿಕ ಅದರ ಎಳೆಗಳ ಬಲ ಕುಗ್ಗಿಸುತ್ತವೆ ಎಂದೇ ತಯಾರಕರು ಸೋಪುನೀರು ಬಿಟ್ಟು ಬೇರೇನೂ ಬೇಡ ಎಂದು ಕೈಪಿಡಿಯಲ್ಲಿ ಬರೆಯುತ್ತಾರೆ. ಬೆಲ್ಟನ್ನು ಪೂರ್ತಿ ಹೊರಗೆಳೆದು, ಸೋಪುಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಲು ಬಿಟ್ಟು ಆಮೇಲೆ ಒಳಗೆ ಬಿಡಿ. ಬಕಲಿನ ಬಾಯೊಳಗೆ ದ್ರವ ಇಳಿಯದಂತೆ ನೋಡಿಕೊಳ್ಳಿ. ಇಲ್ಲದ ವೈರಸ್ಸಿಗೆ ಹೆದರಿ ಬೆಲ್ಟಿನ ಎಳೆ ಸಡಿಲ ಮಾಡಿಕೊಂಡು ಘಟ್ಟದ ತಿರುವು ಇಳಿಯುವುದು ಒಳ್ಳೆಯ ವ್ಯಾಪಾರವಲ್ಲ.

ಹೈಪೋಕ್ಲೋರೈಟ್, ಅಂದರೆ ಬ್ಲೀಚು, ಕಾರಿನೊಳಗೆ ಬೇಡ ಎಂದೇ ನನ್ನ ಸಲಹೆ. ಲೋಹದ ಹಳಿ, ಸ್ಕ್ರೂ, ವೈರಿನ ತುದಿಗಳಿಗೆ ತುಕ್ಕು, ಬಟ್ಟೆಗೆ ಬಿಳಿಕಲೆ, ಮುಚ್ಚಿದ ಗಾಡಿಯಲ್ಲಿ ಕೂತವರ ಗಂಟಲಿಗೆ ಉರಿ. ಒಂದೇ ಒಂದು ಸಂದರ್ಭ ಬೇರೆ: ರೋಗಿಯ ವಾಂತಿ ಅಥವಾ ರಕ್ತ ರಬ್ಬರ್ ಮ್ಯಾಟಿನ ಮೇಲೆ ಬಿದ್ದಾಗ. ಆಗ ಕೈಗವಸು ಹಾಕಿಕೊಂಡು ಮ್ಯಾಟನ್ನು ಹೊರಗೆ ತೆಗೆದು, ಕೊಳೆಯನ್ನು ಕಾಗದದಲ್ಲಿ ಎತ್ತಿ, ಆಮೇಲೆ ದ್ರಾವಣ ಬಳಸಿ ತೊಳೆಯಿರಿ. ಅಂಗಡಿಯ ಬ್ಲೀಚು 5 ಪರ್ಸೆಂಟಿನದಾದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿದರೆ ಅರ್ಧ ಪರ್ಸೆಂಟ್ ಆಗುತ್ತದೆ. ಬೋರ್ಡೋ ಕಲಸುವವರಿಗೆ ಈ ಲೆಕ್ಕ ಕಷ್ಟವಲ್ಲ, ಅದರ ಇನ್ನೊಂದು ಶಿಸ್ತೂ ಗೊತ್ತು: ಅಂದು ಕಲಸಿದ್ದು ಅಂದೇ ಮುಗಿಯಬೇಕು. ಕ್ಲೋರಿನ್ ನೀರೂ ಇಟ್ಟಷ್ಟು ಸತ್ವ ಕಳೆದುಕೊಳ್ಳುತ್ತದೆ. ಬಚ್ಚಲು ತೊಳೆಯುವ ಆಸಿಡ್ ಜೊತೆ ಬ್ಲೀಚು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ; ಅಮೋನಿಯಾ ಜೊತೆ ಸೇರಿದರೂ ವಿಷಾನಿಲವೇ. ‘ಎರಡೂ ಹಾಕಿದರೆ ಇನ್ನೂ ಒಳ್ಳೆಯದು’ ಎಂಬ ಯೋಚನೆಯಿಂದ ಆಸ್ಪತ್ರೆ ಸೇರುವಂತಾಗಬಾರದು.

ಇನ್ನೊಂದು ಎಚ್ಚರಿಕೆ ನಮ್ಮ ಕಡೆಯ ಪದ್ಧತಿಗೆ ಸಂಬಂಧಿಸಿದ್ದು. ಬಿಸಿಲಲ್ಲಿ ಕಾರು ನಿಂತರೆ ಒಳಗಿಟ್ಟ ಸ್ಯಾನಿಟೈಸರ್ ಬಾಟಲಿ ತಾನಾಗಿ ಹೊತ್ತಿಕೊಳ್ಳುತ್ತದೆ ಎಂಬ ಸುದ್ದಿ ಆಗ ಮೊಬೈಲುಗಳಲ್ಲಿ ಓಡಾಡಿತು. ಹಾಗಾಗುವುದಿಲ್ಲ; ಅದರಲ್ಲಿರುವ ಎಥೆನಾಲ್ ಕಿಡಿಯಿಲ್ಲದೆ ಹೊತ್ತಿಕೊಳ್ಳಲು 360 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲಿನ ಶಾಖ ಬೇಕು. ಆದರೆ ಕಿಡಿ ಇದ್ದರೆ ಕಥೆ ಬೇರೆ. ಅದರ ಆವಿ ನಮ್ಮೂರಿನ ಯಾವುದೇ ಹಗಲಿನ ಉಷ್ಣತೆಯಲ್ಲೂ ಬೆಂಕಿ ಹಿಡಿಯಬಲ್ಲದು. ಮುಚ್ಚಿದ ಕಾರಿನೊಳಗೆ ಸ್ಯಾನಿಟೈಸರ್ ಚಿಮುಕಿಸಿ, ಆ ಹಿಂದೆಯೇ ಡ್ಯಾಶ್‌ಬೋರ್ಡಿನ ಗಣಪತಿಗೆ ಊದುಬತ್ತಿ ಹಚ್ಚುವುದು, ಕರ್ಪೂರದ ಆರತಿ ಒಳಗೆ ತರುವುದು ನಿಜವಾದ ಅಪಾಯ. ಆರತಿ ಹೊರಗೆ, ಬಾನೆಟ್ಟಿನ ಮುಂದೆ ಆಗಲಿ.

ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆ ಬಿಟ್ಟರೆ ಒರೆಸಲು ಸುಲಭ, ವೈರಸ್ ಒಳಗಿಳಿಯುವುದಿಲ್ಲ ಎಂದುಕೊಂಡು ತಿಂಗಳುಗಟ್ಟಲೆ ಹಾಗೇ ಇಟ್ಟವರಿದ್ದಾರೆ. ಬಯಲುಸೀಮೆಯಲ್ಲಿ ಅದು ನಡೆದೀತು. ಇಲ್ಲಿ ಜೂನ್ ಬಂತೆಂದರೆ ಹಾಳೆಯ ಅಡಿ ತೇವ ಸಿಕ್ಕಿಕೊಂಡು ಬೂಷ್ಟು ಬರುತ್ತದೆ. ಆಟಿಯ ಹೊತ್ತಿಗೆ ಸೀಟು ಕಪ್ಪು ಚುಕ್ಕೆ. ಆ ಬೂಷ್ಟಿನ ಗಾಳಿ ಉಬ್ಬಸದವರಿಗೆ ದಿನವೂ ತೊಂದರೆ ಕೊಡುತ್ತದೆ. ಹಾಳೆಯನ್ನು ಮೊದಲ ದಿನವೇ ಕಿತ್ತುಹಾಕಿ. ಓಝೋನ್ ಯಂತ್ರ, ನೇರಳಾತೀತ ದೀಪಗಳನ್ನು ಕಾರಿಗೆಂದು ಮಾರುವವರ ಮಾತಿಗೂ ಬೀಳಬೇಡಿ. ಓಝೋನ್ ಶ್ವಾಸಕೋಶಕ್ಕೂ ಬಾಗಿಲಿನ ರಬ್ಬರಿಗೂ ಕೆಟ್ಟದ್ದು; ನೇರಳಾತೀತ ಬೆಳಕು ಬಿದ್ದಲ್ಲಿ ಮಾತ್ರ ಕೆಲಸ ಮಾಡುತ್ತದೆ, ಕಣ್ಣಿಗೆ ಬಿದ್ದರೆ ಹಾನಿ.

ಶಾಖದ ದಾರಿ ಮಾತ್ರ ಒಂದು ಕಡೆ ಪದ್ಧತಿಯಾಗಿಯೇ ಬಂದಿತ್ತು. ಫೋರ್ಡ್ ಕಂಪನಿ 2020ರ ಮೇ ತಿಂಗಳಲ್ಲಿ ಅಮೆರಿಕದ ಪೊಲೀಸ್ ವಾಹನಗಳಿಗೆ ಒಂದು ತಂತ್ರಾಂಶ ಕೊಟ್ಟಿತು. ಎಂಜಿನ್ನಿನ ಶಾಖದಿಂದಲೇ ಗಾಡಿಯ ಒಳಭಾಗವನ್ನು 56 ಡಿಗ್ರಿ ಸೆಲ್ಸಿಯಸ್ ದಾಟಿಸಿ ಹದಿನೈದು ನಿಮಿಷ ಹಾಗೇ ಹಿಡಿದಿಡುವುದು ಅದರ ಕೆಲಸ. ನಮ್ಮ ಏಪ್ರಿಲ್ ಬಿಸಿಲು ಡ್ಯಾಶ್‌ಬೋರ್ಡನ್ನು ಅಷ್ಟು ಕಾಯಿಸೀತು, ಸೀಟಿನ ಸಂದನ್ನಲ್ಲ. ನೆಚ್ಚಿಕೊಳ್ಳುವಂಥದ್ದಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ: ಗಾಳಿ. ಕಾರು ಎಂದರೆ ನಾಲ್ಕೈದು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವ, ಗಾಜು ಏರಿಸಿದರೆ ಬಲು ಸಣ್ಣದಾಗುವ ಕೋಣೆ. ಅಲ್ಲಿ ಒಬ್ಬರಿಗೆ ಸೋಂಕಿದ್ದರೆ ಹೊಚ್ಚ ಹೊಸ ಸೀಟು, ಮಿರುಗುವ ಸ್ಟಿಯರಿಂಗ್ ಯಾವುದೂ ನೆರವಿಗೆ ಬರುವುದಿಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ವರ್ಗೀಸ್ ಮಥಾಯ್, ಅಸಿಮಾಂಶು ದಾಸ್ ಮತ್ತು ಸಂಗಡಿಗರು ಓಡುವ ಕಾರಿನೊಳಗಿನ ಗಾಳಿಯ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ 2020ರ ಡಿಸೆಂಬರ್‌ನಲ್ಲಿ ‘ಸೈನ್ಸ್ ಅಡ್ವಾನ್ಸಸ್’ನಲ್ಲಿ ಪ್ರಕಟಿಸಿದರು. ಚಾಲಕ ಮುಂದೆ, ಪ್ರಯಾಣಿಕ ಕರ್ಣದ ಎದುರು ಮೂಲೆಯ ಹಿಂದಿನ ಸೀಟಿನಲ್ಲಿ, ವೇಗ ಗಂಟೆಗೆ ಸುಮಾರು 80 ಕಿ.ಮೀ. ನಾಲ್ಕೂ ಗಾಜು ಮುಚ್ಚಿ ಎ.ಸಿ. ಹಾಕಿದ್ದು ಎಲ್ಲಕ್ಕಿಂತ ಕೆಟ್ಟದ್ದು, ನಾಲ್ಕೂ ತೆರೆದದ್ದು ಎಲ್ಲಕ್ಕಿಂತ ಒಳ್ಳೆಯದು ಎಂದು ಕಂಡಿತು. ಅಲ್ಲಿಯವರೆಗೆ ಯಾರೂ ಊಹಿಸಬಹುದಾದದ್ದೇ.

ಊಹೆಗೆ ಸಿಗದ ಭಾಗ ಎರಡೇ ಗಾಜು ತೆರೆಯುವಾಗಿನದು. ನಮ್ಮ ಪಕ್ಕದ ಕಿಟಕಿ ತೆರೆಯುವುದು ನಮ್ಮ ಸಹಜ ಬುದ್ಧಿ. ಲೆಕ್ಕ ಬೇರೆ ಹೇಳಿತು: ಕೂತವರ ಎದುರು ಬದಿಯ ಗಾಜುಗಳನ್ನು ತೆರೆದರೆ ಹೆಚ್ಚು ಪ್ರಯೋಜನ. ನಮ್ಮ ದೇಶದ ಕಾರಿಗೆ ಹೊಂದಿಸಿ ಹೇಳುವುದಾದರೆ, ಚಾಲಕ ಮುಂದೆ ಬಲಕ್ಕೆ, ಪ್ರಯಾಣಿಕ ಹಿಂದೆ ಎಡಕ್ಕೆ ಕೂತಿದ್ದಾಗ ಹಿಂದಿನ ಬಲ ಮತ್ತು ಮುಂದಿನ ಎಡ ಗಾಜು ಇಳಿಯಬೇಕು. ಕಾರು ಓಡುವಾಗ ಹಿಂದಿನ ಕಿಟಕಿಯ ಬಳಿ ಒತ್ತಡ ಹೆಚ್ಚು, ಮುಂದಿನ ಕಿಟಕಿಯ ಬಳಿ ಕಡಿಮೆ. ಹಾಗಾಗಿ ಗಾಳಿ ಹಿಂದಿನಿಂದ ಒಳಬಂದು, ಪ್ರಯಾಣಿಕನ ಮುಂದೆ ಹಾದು, ಇಬ್ಬರ ನಡುವೆ ಒಂದು ತೆರೆ ಎಳೆದಂತೆ ಸಾಗಿ ಮುಂದಿನಿಂದ ಹೊರಬೀಳುತ್ತದೆ. ಕೊಪ್ಪ–ಶೃಂಗೇರಿಯ ತಿರುವುಗಳಲ್ಲಿ 80ರ ವೇಗ ಎಲ್ಲಿಯದು? ವೇಗ ತಗ್ಗಿದಷ್ಟೂ ಗಾಳಿಯ ಬದಲಾವಣೆಯೂ ತಗ್ಗುತ್ತದೆ. ಅದಕ್ಕೇ ಇಲ್ಲಿ ಎರಡರ ಬದಲು ನಾಲ್ಕೂ ತೆರೆಯಿರಿ ಎನ್ನುತ್ತೇನೆ. ಅನ್‌ಲಾಕಿನ ದಿನಗಳಲ್ಲಿ ಚಾಲಕನಲ್ಲದೆ ಇಬ್ಬರೇ ಎಂಬ ನಿಯಮವಿತ್ತಲ್ಲ, ಅದನ್ನು ಪೊಲೀಸರಿಗಾಗಿ ಪಾಲಿಸಿದವರೇ ಹೆಚ್ಚು. ಅದು ಗಾಳಿಯ ಲೆಕ್ಕದಿಂದಲೂ ಸರಿಯಾದ ನಿಯಮ.

ಮಳೆಗಾಲದಲ್ಲಿ ಈ ಸಲಹೆ ನಗೆಪಾಟಲು ಎನ್ನಿಸೀತು. ಆಗುಂಬೆ ಪಕ್ಕದಲ್ಲೇ ಇರುವ ನಾಡಿನಲ್ಲಿ ಜುಲೈ ತಿಂಗಳು ಗಾಜು ಇಳಿಸಿ ಹೋಗುವವರು ಯಾರು? ಅದಕ್ಕೂ ದಾರಿಯಿದೆ, ಮತ್ತು ಅದು ಪ್ರತಿ ಹೊಸ ಕಾರಿನಲ್ಲೂ ಒಂದು ಗುಂಡಿಯ ರೂಪದಲ್ಲಿದೆ. ಕಾರಿನ ಚಿತ್ರದೊಳಗೆ ಬಳಸಿ ತಿರುಗುವ ಬಾಣ ಇರುವ ಗುಂಡಿಯನ್ನು ಒತ್ತಿದರೆ ಒಳಗಿನ ಗಾಳಿಯೇ ಸುತ್ತುತ್ತದೆ. ಅದನ್ನು ಬಂದ್ ಮಾಡಿ. ಬಾಣ ಹೊರಗಿನಿಂದ ಒಳಗೆ ಬರುವಂತಿರಬೇಕು. ಫ್ಯಾನು ಎರಡನೇ ಅಥವಾ ಮೂರನೇ ಹಂತದಲ್ಲಿರಲಿ, ಎ.ಸಿ. ಹಾಕಿದರೂ ಅಡ್ಡಿಯಿಲ್ಲ. ಗಾಜಿಗೆ ಮಂಜು ಕಟ್ಟುವ ತೊಂದರೆಯೂ ಇದರಿಂದಲೇ ತಪ್ಪುತ್ತದೆ. ಕಿಟಕಿಯ ಮೇಲೆ ಮಳೆ ತಡೆಯುವ ವೈಸರ್ ಹಾಕಿಸಿಕೊಂಡರೆ ಎರಡು ಬೆರಳಿನಷ್ಟು ಗಾಜು ಸದಾ ಇಳಿದಿರಬಹುದು. ಗ್ಲೋವ್ ಬಾಕ್ಸಿನ ಹಿಂದಿರುವ ಗಾಳಿ ಸೋಸುವ ಫಿಲ್ಟರನ್ನು ಕೈಪಿಡಿ ಹೇಳಿದ ಕಾಲಕ್ಕೆ ಬದಲಿಸಿ. ನಮ್ಮ ತೇವಕ್ಕೆ ಅದಕ್ಕಿಂತ ಮೊದಲೇ ಬೂಷ್ಟು ಹಿಡಿದಿರುವುದೂ ಉಂಟು. ಹೊಸ ಪ್ಲಾಸ್ಟಿಕ್, ಅಂಟು, ಫೋಮುಗಳಿಂದ ಏಳುವ ಆ ಹೊಸ ಕಾರಿನ ವಾಸನೆಯೂ ರಾಸಾಯನಿಕ ಆವಿಯೇ. ಗಾಳಿ ಆಡಿದಷ್ಟು ಬೇಗ ಹೋಗುತ್ತದೆ.

ಶೃಂಗೇರಿ, ಹೊರನಾಡಿಗೆ ಯಾತ್ರಿಕರನ್ನು ಕರೆದೊಯ್ಯುವ, ಕುವೆಂಪು ಹುಟ್ಟಿದ ಹಿರೇಕೊಡಿಗೆಯನ್ನೂ ಬೆಳೆದ ಕುಪ್ಪಳಿಯನ್ನೂ ತೋರಿಸಿ ತರುವ ಬಾಡಿಗೆ ಕಾರಿನವರು ಆ ದಿನಗಳಲ್ಲಿ ಪಟ್ಟ ಪಾಡು ದೊಡ್ಡದು. ದೇವಸ್ಥಾನಗಳ ಬಾಗಿಲು ಮುಚ್ಚಿ ಸಂಪಾದನೆ ನಿಂತಿತ್ತು; ತೆರೆದ ಮೇಲೆ ಪ್ರತಿ ಬಾಡಿಗೆಗೂ ಸಿಂಪಡಿಸುವ ಖರ್ಚು, ಚಾಲಕನ ಹಿಂದೆ ಪ್ಲಾಸ್ಟಿಕ್ ಪರದೆಯ ಖರ್ಚು. ಆ ಪರದೆ ನೇರ ಬೀಳುವ ಹನಿಯನ್ನು ತಡೆದೀತು. ತೇಲುವ ಸಣ್ಣ ಕಣ ಅದರ ಅಂಚು ಬಳಸಿ ಬರುತ್ತದೆ, ಗಾಳಿಯ ಹರಿವಿಗೂ ಅದು ಅಡ್ಡ. ಮುಂದೆ ಇಂಥ ಕಾಲ ಮತ್ತೆ ಬಂದರೆ ಅವರು ಆ ದುಡ್ಡನ್ನು ಒಳ್ಳೆಯ ಮಾಸ್ಕಿಗೆ ಹಾಕಲಿ. ಎರಡು ಬಾಡಿಗೆಗಳ ನಡುವೆ ನಾಲ್ಕೂ ಬಾಗಿಲು ತೆರೆದು ಹತ್ತು ನಿಮಿಷ ನಿಲ್ಲಿಸಲಿ.

ಇಷ್ಟು ಕೊರೊನಾದ ಮಾತಾಯಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಿಗೆ ಇನ್ನೊಂದು ವೈರಸ್ ಇದೆ, ಅದು ಪ್ರತಿ ಬೇಸಿಗೆಯ ನೆಂಟ. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ್ದರಿಂದ ಲೋಕಕ್ಕೆಲ್ಲ ಕ್ಯಾಸನೂರು ಕಾಡಿನ ಕಾಯಿಲೆ. 2024ರಲ್ಲಿ ನಮ್ಮ ಈ ತಾಲ್ಲೂಕುಗಳಲ್ಲೂ ಅದು ಜನರನ್ನು ಮಲಗಿಸಿತು. ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿಯ ಜೀವ ಹೋಗುತ್ತದೆ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು, ಸಾಕಷ್ಟು ಫಲ ಕೊಡುತ್ತಿಲ್ಲವೆಂದು, 2022ರಲ್ಲಿ ನಿಲ್ಲಿಸಲಾಯಿತು.

ಈ ವೈರಸ್ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ರೋಗಿ ಕೂತ ಸೀಟಿನಿಂದ ಬರುವುದಿಲ್ಲ, ಅವರ ಉಸಿರಿನಿಂದ ಬರುವುದಿಲ್ಲ. ಬರುವುದು ಉಣುಗಿನ ಕಡಿತದಿಂದ. ಅದರಲ್ಲೂ ಕಣ್ಣಿಗೆ ಬೇಗ ಬೀಳದಷ್ಟು ಸಣ್ಣದಾದ ಮರಿ ಉಣುಗುಗಳಿಂದ. ಅವುಗಳ ಕಾಲ ಮಳೆ ನಿಂತ ಮೇಲೆ, ಮುಖ್ಯವಾಗಿ ಡಿಸೆಂಬರ್‌ನಿಂದ ಮೇ. ಅಂದರೆ ಕಾಡಿಗೆ ದರಗಿಗೆ, ಸೊಪ್ಪಿಗೆ, ಸೌದೆಗೆ ಹೋಗುವ ಕಾಲವೇ. ಹಾಗಾಗಿ ಈ ರೋಗದ ಹಾವಳಿಯಲ್ಲಿ ಕಾರು ಶುಚಿ ಮಾಡುವುದೆಂದರೆ ಸ್ಟಿಯರಿಂಗ್ ಒರೆಸುವುದಲ್ಲ. ಕೊರೊನಾದಲ್ಲಿ ಲೆಕ್ಕಕ್ಕೇ ಬಾರದಿದ್ದ ಕಾಲಡಿಯ ಮ್ಯಾಟು, ಡಿಕ್ಕಿ, ಸೀಟಿನ ಕೆಳಗಿನ ಸಂದು ಇಲ್ಲಿ ಮುಖ್ಯ. ದರಗಿನ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ತರಬೇಡಿ. ಪಿಕಪ್ಪೋ ಟ್ರ್ಯಾಕ್ಟರೋ ಆಗಲಿ. ಕಾಡಿನಿಂದ ಬಂದವರು ಗಾಡಿ ಹತ್ತುವ ಮೊದಲು ಬಟ್ಟೆ ಕೊಡವಿ, ಪ್ಯಾಂಟಿನ ಮಡಿಕೆ, ಸಾಕ್ಸು, ಸೊಂಟದ ಸುತ್ತ ನೋಡಿಕೊಳ್ಳಲಿ. ಮ್ಯಾಟು ತೆಗೆದು ಬಿಸಿಲಿಗೆ ಹಾಕಿ ಬಡಿಯಿರಿ, ಕಾರ್ಪೆಟ್ಟಿಗೆ ವ್ಯಾಕ್ಯೂಮ್ ಹಿಡಿಯಿರಿ, ಅದರ ಕಸವನ್ನು ಅಂಗಳಕ್ಕೆ ಸುರಿಯದೆ ಬೆಂಕಿಗೆ ಹಾಕಿ. ಜೊತೆಗೆ ಬರುವ ನಾಯಿಯ ಕಿವಿಯ ಬುಡ ನೋಡಿ. ತೋಟದ ಕೀಟನಾಶಕವನ್ನು ಕಾರಿನೊಳಗೆ ಹೊಡೆಯುವ ಯೋಚನೆ ಬೇಡವೇ ಬೇಡ. ಅದರ ವಿಷ ಉಣುಗಿಗಿಂತ ಮೊದಲು ಮಕ್ಕಳಿಗೆ ತಾಗುತ್ತದೆ. ಕಾಡಿಗೆ ಹೊರಡುವ ಮುನ್ನ ಕೈಕಾಲಿಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೀಪಾ ತೈಲ ಹಚ್ಚಿಕೊಳ್ಳಿ. ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ಮದ್ದು ಅದು, ಸಿಂಪಡಣೆಗಿಂತ ಸಾವಿರ ಪಾಲು ಮೇಲು.

ಒಂದು ಕಾಲಕ್ಕೆ ಎರಡೂ ರೋಗದ ಭಯ ಒಟ್ಟಿಗೇ ಇತ್ತು ಎಂಬುದನ್ನು ಮರೆಯಬಾರದು. 2020ರ ಬೇಸಿಗೆಯಲ್ಲಿ ಮಲೆನಾಡಿನಲ್ಲಿ ಜ್ವರ ಬಂದವರಿಗೆ ಅದು ಉಸಿರಿನಿಂದ ಬಂದದ್ದೋ ಉಣುಗಿನಿಂದ ಬಂದದ್ದೋ ಎಂದು ಪರೀಕ್ಷೆಯಿಲ್ಲದೆ ತಿಳಿಯುವಂತಿರಲಿಲ್ಲ. ಇಂಥ ಹೊತ್ತಿನಲ್ಲಿ ಮನೆಯ ಕಾರೇ ಆಂಬುಲೆನ್ಸ್ ಆಗುತ್ತದೆ. 108ಕ್ಕೆ ಕರೆ ಮಾಡಿ. ಅದು ಬರುವುದು ತಡವಾಗುವ ಒಳನಾಡಿನಲ್ಲಿದ್ದರೆ ಹೊಸ ಕಾರೆಂದು ಹಿಂದೆ ಮುಂದೆ ನೋಡದೆ ರೋಗಿಯನ್ನು ಕೂರಿಸಿಕೊಂಡು ಹೊರಡಿ. ಹಿಂದಿನ ಎಡಸೀಟು ಅವರಿಗೆ, ಎಲ್ಲರಿಗೂ ಮಾಸ್ಕ್, ಗಾಜುಗಳು ಕೆಳಗೆ, ಚಾಲಕನನ್ನು ಬಿಟ್ಟರೆ ಒಬ್ಬರೇ ಜೊತೆಗೆ. ಮಂಗನ ಕಾಯಿಲೆಯಾಗಿದ್ದರೆ ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್ ಜಾತಿಯ ನೋವಿನ ಮಾತ್ರೆ ನೀವಾಗಿ ಕೊಡಬೇಡಿ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳುವ ಮೊದಲೇ, ಕಳೆದ ಹತ್ತು ದಿನದಲ್ಲಿ ರೋಗಿ ಕಾಡಿಗೆ ಹೋಗಿದ್ದರೇ, ಹತ್ತಿರದಲ್ಲಿ ಮಂಗ ಸತ್ತಿತ್ತೇ ಎಂಬುದನ್ನು ಹೇಳಿ. ಕಾರು ತೊಳೆಯುವುದು ಮಾರನೇ ದಿನಕ್ಕಾದರೂ ನಡೆಯುತ್ತದೆ.